ಸೀಸದ ಕಡಾಯಿಗೆ ಮೂರು ಬಟಾಟೆ

ನಮ್ಮ ಮನೆಯಲ್ಲಿ ಬಟಾಟೆ ತಿನ್ನುವುದಿಲ್ಲ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗಜ್ಜರಿ, ಗೆಣಸು, ನೆಲದೊಳಗೆ ಬೆಳೆದದ್ದು ಯಾವುದೂ ಹೊಸ್ತಿಲು ದಾಟಿ ಬರುವುದಿಲ್ಲ. ಜೈನರ ಮನೆ. ಒಂದು ಗಡ್ಡೆ ಕಿತ್ತರೆ ಎಣಿಸಲಾರದಷ್ಟು ಜೀವ ಹೋಗುತ್ತದೆ ಎಂದು ಅವ್ವ ನನಗೆ ಮಾತು ಬರುವ ಮೊದಲೇ ಕಲಿಸಿದ್ದಳು. ಅಂಥ ಅವ್ವನ ಮಗನಾದ ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಒಂಬತ್ತು ವರ್ಷ ಬಟಾಟೆಯನ್ನು ನೆಚ್ಚಿಕೊಂಡು ಕಾರ್ಖಾನೆ ನಡೆಸಿದೆ. ನಗಬೇಡಿ. ಹಾಗೆ ನಕ್ಕ ಎಷ್ಟೋ ಜನರ ಗಿರಣಿಗೆ ಬೇರಿಂಗು ಮಾಡಿಕೊಟ್ಟವನು ನಾನೇ.

ಕಾರ್ಖಾನೆ ಅಂದರೆ ದೊಡ್ಡದೇನೂ ಅಲ್ಲ. ತಗಡಿನ ಪತ್ರಾ ಹೊದಿಸಿದ ಒಂದು ಶೆಡ್ಡು, ನಡುವೆ ಹಲಗೆಯ ಗೋಡೆ. ಗೋಡೆಯ ಆಚೆ ಭಟ್ಟಿ ಮತ್ತು ಕಬ್ಬಿಣದ ಕಡಾಯಿ. ಈಚೆ ನನ್ನ ಮೇಜು, ಕುರ್ಚಿ, ತೀರ್ಥಂಕರರ ಒಂದು ಫೋಟೊ. ಗಿರಣಿಯಲ್ಲಿ ತಿರುಗುವ ಕಬ್ಬಿಣದ ದಂಡ ಕಬ್ಬಿಣದ ಮೇಲೆಯೇ ಕೂತರೆ ಎರಡೂ ತಿಕ್ಕಾಡಿ ಹಾಳಾಗುತ್ತವೆ. ಅದಕ್ಕೆ ದಂಡ ಕೂರುವ ಜಾಗದಲ್ಲಿ ಮೆತ್ತನೆಯ ಬಿಳಿ ಲೋಹದ ಒಳಪದರ ಹೊಯ್ಯಬೇಕು. ಆ ಲೋಹವನ್ನು ಗುಜರಿಯ ಸೀಸದಿಂದ ತಯಾರಿಸುವುದು ನಮ್ಮ ಕಸುಬು. ಹಳೇ ಬ್ಯಾಟರಿಯ ಫಲಕ, ಕೇಬಲ್ಲಿನ ಹೊದಿಕೆ, ಒಡೆದ ಪೈಪು, ಸೀಸ ಎಲ್ಲಿದ್ದರೂ ಸರಿ. ಆದರೆ ಬರೀ ಸೀಸ ಬೆಣ್ಣೆಯಂಥದ್ದು, ದಂಡದ ಭಾರಕ್ಕೆ ಚಪ್ಪಟೆಯಾಗಿಬಿಡುತ್ತದೆ. ಗಟ್ಟಿಯಾಗಬೇಕಾದರೆ ಅದರೊಳಗೆ ಆಂಟಿಮನಿ ಬೇಕು, ತವರ ಬೇಕು. ಎರಡೂ ಮೊದಲೇ ಬೆರೆತು ಅಗ್ಗಕ್ಕೆ ಸಿಗುತ್ತಿದ್ದದ್ದು ಮುದ್ರಣಾಲಯದವರು ಸವೆಯಿತೆಂದು ಎಸೆಯುವ ಅಚ್ಚಿನ ಮೊಳೆಗಳಲ್ಲಿ. ನಮ್ಮೂರಲ್ಲಿ ಕನ್ನಡದ ಮೊಳೆಯೂ ಬರುತ್ತಿತ್ತು, ಮರಾಠಿಯದೂ ಬರುತ್ತಿತ್ತು, ಎರಡೂ ಒಂದೇ ಕಡಾಯಿಯಲ್ಲಿ ಕರಗುತ್ತಿದ್ದವು. ಇದನ್ನು ಕೇಳಿದ ಕೂಡಲೇ ಎದ್ದುನಿಂತು ಭಾಷಣ ಮಾಡುವವರಿದ್ದಾರೆ. ನನಗಂತೂ ಅದರಲ್ಲಿ ಯಾವ ನೀತಿಯೂ ಕಾಣಲಿಲ್ಲ. ಯಾವುದರಲ್ಲಿ ಆಂಟಿಮನಿ ಎಷ್ಟಿದೆ ಅನ್ನುವುದಷ್ಟೇ ನನ್ನ ಚಿಂತೆಯಾಗಿತ್ತು.

ಆ ಚಿಂತೆಯನ್ನೂ ಖರೇ ಹೇಳಬೇಕೆಂದರೆ ನಾನು ಮಾಡುತ್ತಿರಲಿಲ್ಲ, ನಮ್ಮ ಎರಕದ ಮಿಸ್ತ್ರಿ ಮಾಡುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವರು, ಬಡಕಲು ದೇಹ, ದೇಸೂರಿನವರು. ದಿನಾ ಬೆಳಗಿನ ರೈಲು ಹಿಡಿದು ಬರುತ್ತಿದ್ದರು. ಕಾವು ನೋಡಲು ಕರಗಿದ ಲೋಹದೊಳಗೆ ವರ್ತಮಾನ ಪತ್ರಿಕೆಯ ಚೂರು ಅದ್ದುವರು. ಕಾಗದ ಕಂದಾದರೆ ಸರಿ, ಹೊತ್ತಿಕೊಂಡರೆ ಕಾವು ಹೆಚ್ಚು. ಆಮೇಲೆ ಬೆರಳುದ್ದದ ಒಂದು ಪಟ್ಟಿ ಎರಕ ಹೊಯ್ದು, ಆರಿದ ಮೇಲೆ ಕಿವಿಯ ಹತ್ತಿರ ಹಿಡಿದು ಮುರಿಯುವರು. ಮುರಿದ ಸದ್ದು ಕೇಳಿ, ಮುರಿದ ಮುಖ ನೋಡಿ, "ಇನ್ನೊಂದ ಬೊಗಸಿ ಮೊಳಿ ಹಾಕಬೇಕ್ರಿ" ಅನ್ನುವರು. ನಾನು ಬಿ.ಎಸ್ಸಿ. ಓದಿದವನು. ತಲೆಯಾಡಿಸುವುದಕ್ಕೆ ಮಾತ್ರ ಆ ಓದು ಉಪಯೋಗಕ್ಕೆ ಬಂತು.

ಕೆಲಸಕ್ಕೆ ಸೇರಿದ ಮೊದಲ ದಿನವೇ ಅವರು ಒಂದು ಕರಾರು ಹಾಕಿದ್ದರು.

"ಮಾಲಕ್ರ, ಕಡಾಯಿಗೆ ದಿನಕ್ಕ ಮೂರು ಬಟಾಟಿ ಬೇಕಾಗತಾವ್ರಿ."

"ಏನು?"

"ಬಟಾಟಿ. ಸಳಿಗಿ ಚುಚ್ಚಿ ಸೀಸದ ತಳಕ್ಕ ಒತ್ತಿ ಹಿಡದ್ರ ಕುದ್ದು ಹೊಲಸೆಲ್ಲಾ ಮ್ಯಾಲ ಬರತೈತಿ. ತೂತಿನ ಝಾರಿಲೆ ತಗದು ಒಗೀಬೇಕು. ಅದಿಲ್ಲಂದ್ರ ನನ್ನ ಕಡಿಂದ ಎರಕಾ ಆಗಂಗಿಲ್ಲ."

ಸುಳ್ಳಲ್ಲ, ಆ ಕಸುಬಿನಲ್ಲಿ ಅದು ಹಳೇ ಪದ್ಧತಿ. ಬಟಾಟೆ ತನ್ನೊಳಗಿನ ನೀರನ್ನು ಒಮ್ಮೆಲೇ ಬಿಡುವುದಿಲ್ಲ. ಗುಳುಗುಳು ಅನ್ನುತ್ತ ಬಿಡುತ್ತದೆ, ಕಿಟ್ಟವೆಲ್ಲ ತೇಲಿ ಬರುತ್ತದೆ. ಆದರೆ ನಾನು ಯಾರ ಮಗ? ಎರಡು ದಿನ ಯೋಚಿಸಿ ಒಂದು ಒಪ್ಪಂದಕ್ಕೆ ಬಂದೆ. ಬಟಾಟೆಯನ್ನು ಅವರೇ ತರಬೇಕು, ಅವರೇ ಹಾಕಬೇಕು, ನನಗೆ ತೋರಿಸಬಾರದು. ಮಧ್ಯಾಹ್ನ ಬಟಾಟೆಯ ಹೊತ್ತಿಗೆ ನಾನು ಹಲಗೆಗೋಡೆಯ ಈಚೆ ಬಂದು, ರಸ್ತೆಯ ಕಡೆ ಮುಖ ಮಾಡಿ ಕೂರುವುದು. ಅವರು "ಆತ್ರೀ" ಅಂದಮೇಲೆಯೇ ಒಳಗೆ ಹೋಗುವುದು. ನೋಡದಿದ್ದರೆ ಪಾಪ ಇಲ್ಲ ಅನ್ನುವ ಶಾಸ್ತ್ರವನ್ನು ನಾನೇ ಬರೆದುಕೊಂಡಿದ್ದೆ. ಹೇಗೂ ಕೂತಿದ್ದೇನೆಂದು ಅದೇ ಹೊತ್ತಿಗೆ ಡಬ್ಬಿ ಬಿಚ್ಚಿ ಊಟ ಮುಗಿಸುತ್ತಿದ್ದೆ. ಒಂಬತ್ತು ವರ್ಷ ಹೀಗೆ ನಡೆಯಿತು.

ಮೊಳೆಗಳು ಇನ್ನೂ ಹೇರಳವಾಗಿ ಬರುತ್ತಿದ್ದ ಎಂಬತ್ತರ ದಶಕದ ಆರಂಭದಲ್ಲಿ, ಒಂದು ಚಾತುರ್ಮಾಸಕ್ಕೆ ಮುನಿಗಳು ಊರಿಗೆ ಬಂದು ನಿಂತರು. ಅವ್ವ ದಿನಾ ಪ್ರವಚನಕ್ಕೆ ಹೋಗಿ ಬಂದು ಮನೆಯ ತಪಾಸಣೆ ಶುರುಮಾಡಿದಳು. ಡಬ್ಬಗಳಾದವು, ಗಡಿಗೆಗಳಾದವು, ಕೊನೆಗೆ ನನ್ನ ಅಂಗಿ ಬಂತು. ಒಗೆಯಲು ಎತ್ತಿಕೊಂಡವಳು ಮೂಗಿಗೆ ಹಿಡಿದು ಅಲ್ಲೇ ನಿಂತಳು.

"ತಮ್ಮಾ, ಇದು ಸುಟ್ಟ ಬಟಾಟಿ ವಾಸನಿ."

"ನಿನಗ ಹ್ಯಾಂಗ ಗೊತ್ತ ಆ ವಾಸನಿ?" ಎಂದು ನಾನು ಜಾಣತನ ಮಾಡಲು ಹೋದೆ.

"ಬಾಜೂ ಮನಿಯವ್ರು ನಾಲ್ವತ್ತ ವರ್ಷದಿಂದ ಸುಟ್ಕೊಂಡು ತಿನ್ನಾಕತ್ತಾರ. ನಾ ಬಾಯಿ ಕಟ್ಟೀನಿ, ಮೂಗು ಕಟ್ಟಿಲ್ಲ."

ನಲವತ್ತು ದಾಟಿದ ಗಂಡಸು ನಾನು, ಅವ್ವನ ಮುಂದೆ ಎಲ್ಲ ಒಪ್ಪಿಕೊಂಡೆ. ತಿನ್ನುವುದಕ್ಕಲ್ಲ, ಸೀಸಕ್ಕೆ ಎಂದೆ. ಅದರಿಂದ ಇನ್ನೂ ಕೆಟ್ಟಿತು. ತಿಂದವನಿಗಾದರೂ ಹಸಿವಿತ್ತು ಅನ್ನಬಹುದು, ಜೀವ ತುಂಬಿದ ಗಡ್ಡೆಯನ್ನು ಸುಮ್ಮನೆ ಬೆಂಕಿಯಂಥ ಸೀಸದಲ್ಲಿ ಮುಳುಗಿಸುತ್ತೀಯಲ್ಲ ಎಂದು ಅತ್ತಳು. ಅತ್ತು ಮುಗಿದ ಮೇಲೆ ಕಣ್ಣೊರೆಸಿಕೊಂಡು ವ್ರತ ಹಿಡಿದಳು.

"ಬಟಾಟಿ ಇಲ್ಲದ ಒಂದು ಎರಕಾ ಹೊಯ್ದು ತೋರ್ಸು, ಅವತ್ತ ಉಣ್ತೀನಿ. ಅಲ್ಲೀತನಕ ದಿನಕ್ಕೊಮ್ಮೆ ಕಾಸಿದ ನೀರು. ಅಷ್ಟ."

"ಬ್ಯಾಡವ್ವಾ, ಭಟ್ಟೀನ ಆರಿಸಿಬಿಡತೀನಿ."

"ಕೆಲಸಾ ನಿಂದ್ರಸು ಅಂದ್ನೇನು ನಾ? ಬಟಾಟಿ ನಿಂದ್ರಸು ಅಂದೆ."

ಅವ್ವನಿಗೆ ಆಗ ಎಪ್ಪತ್ತರ ಹತ್ತಿರ. ಉಪವಾಸ ಅವಳಿಗೆ ಹೊಸದಲ್ಲ, ಆದರೆ ದೇಹ ಮೊದಲಿನಂತಿರಲಿಲ್ಲ. ಬೆಳಿಗ್ಗೆ ಉದ್ಯಮಬಾಗಕ್ಕೆ ಓಡಿದವನೇ ಮಿಸ್ತ್ರಿಯ ಮುಂದೆ ಹೇಳಿದೆ, ಇವತ್ತಿನಿಂದ ಶೆಡ್ಡಿನೊಳಗೆ ಬಟಾಟೆ ಬಂದ್. ಅವರು ಕೈಯಲ್ಲಿದ್ದ ಝಾರಿಯನ್ನು ಕೆಳಗಿಟ್ಟರು.

"ಹಂಗಾದ್ರ ನನ್ನನ್ನೂ ಬಂದ್ ಮಾಡ್ರಿ."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುವ ಹಾಗಾಯಿತು. ಅದೇ ಹೊತ್ತಿಗೆ ಖಾನಾಪುರದ ಅಕ್ಕಿ ಗಿರಣಿಯ ಸಾಹುಕಾರರು ತಮ್ಮ ದೊಡ್ಡ ಬೇರಿಂಗುಗಳನ್ನು ನಮ್ಮಲ್ಲಿ ತಂದು ಹಾಕಿದ್ದರು. ಹಣೆತುಂಬ ವಿಭೂತಿ, ಬಾಯಿತುಂಬ ಮಾತು. ಸುಗ್ಗಿಯ ಭತ್ತ ಬರುವ ಮೊದಲು ಗಿರಣಿ ತಿರುಗಬೇಕು ಎಂದು ಒಂದು ದಿನ ಬಿಟ್ಟು ಒಂದು ದಿನ ಬಸ್ಸು ಹತ್ತಿ ಬಂದು ಕೂರುತ್ತಿದ್ದರು. ವಿಷಯ ತಿಳಿದ ಮೇಲಂತೂ ದಿನಾ ಬರತೊಡಗಿದರು. ಅಂಥ ತಮಾಷೆ ಖಾನಾಪುರದಲ್ಲಿ ಅವರಿಗೆ ಸಿಗುತ್ತಿರಲಿಲ್ಲ.

ಕೈಕಾಲು ಹಿಡಿದು ಮಿಸ್ತ್ರಿಯನ್ನು ನಾಲ್ಕು ದಿನದ ಮಟ್ಟಿಗೆ ಒಪ್ಪಿಸಿದೆ. ಮೊದಲ ದಿನ ಏನೂ ಹಾಕದೆ ಬರೀ ಕಬ್ಬಿಣದ ಸಳಿಗೆಯಿಂದ ಕಲಕಿದೆವು. ಪಟ್ಟಿ ಮುರಿದು ಮಿಸ್ತ್ರಿ ನನ್ನ ಮುಖದ ಮುಂದೆ ಹಿಡಿದರು. ಒಳಗೆಲ್ಲ ಕಪ್ಪು ಚುಕ್ಕೆ.

"ನೋಡ್ರಿ, ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ. ಇದನ್ನ ಹೊಯ್ದು ಕೊಟ್ರ ದಂಡಾ ಗೀರಿ ಹಾಳಾಗತೈತಿ."

"ಏ ಬ್ಯಾಡ್ರೆಪಾ," ಎಂದರು ಗಿರಣಿಯ ಸಾಹುಕಾರರು. "ರೊಟ್ಟಿ ನಮ್ಮ ಮನ್ಯಾಗ ಬೇಕಾದಷ್ಟ ಅದಾವ."

ಎರಡನೆಯ ದಿನ ನಾನೇ ಸೌತೆಕಾಯಿ ಕೊಂಡು ತಂದೆ. ಆಕಾರ ಸರಿಯಾಗಿದೆ, ಬಳ್ಳಿಯಲ್ಲಿ ಬೆಳೆದದ್ದು, ಅವ್ವನ ಪಟ್ಟಿಯಲ್ಲಿ ನಿಷೇಧ ಇಲ್ಲ. ಮಿಸ್ತ್ರಿ ಅದನ್ನು ನೋಡಿದರು, ನನ್ನನ್ನು ನೋಡಿದರು, ಸಳಿಗೆಯನ್ನು ನನ್ನ ಕೈಗೇ ಕೊಟ್ಟು ಹೋಗಿ ಬೆಂಚಿನ ಕೆಳಗೆ ಮಲಗಿದರು. ಸೌತೆಕಾಯಿಯ ತುಂಬ ಸಡಿಲವಾದ ನೀರು. ಕರಗಿದ ಸೀಸದ ತಳದಲ್ಲಿ ಅಷ್ಟು ನೀರು ಒಮ್ಮೆಲೇ ಉಗಿಯಾದರೆ ಏನಾಗುತ್ತದೆ ಎಂದು ಸಾಲಿ ಕಟ್ಟೆ ಹತ್ತದವರಿಗೂ ಗೊತ್ತು. ಢಂ ಅಂತು. ಕಡಾಯಿಯೊಳಗಿನ ಅರ್ಧ ಸೀಸ ಪತ್ರಾಕ್ಕೆ ಹೋಗಿ ಅಂಟಿಕೊಂಡಿತು. ನಾನು ಹೆದರಿ ಸಳಿಗೆ ಬಿಟ್ಟು ಹಿಂದಕ್ಕೆ ಬಿದ್ದದ್ದರಿಂದ ಉಳಿದೆ, ಪ್ಯಾಂಟಿಗೆ ಮಾತ್ರ ಏಳು ತೂತು ಬಿದ್ದವು. ಸಾಹುಕಾರರು ರಸ್ತೆ ದಾಟಿ ಎದುರಿನ ಕಾರ್ಖಾನೆಯ ಗೇಟಿನೊಳಗೆ ನಿಂತಿದ್ದರು. ಆ ವಯಸ್ಸಿನವರು ಅಷ್ಟು ಚುರುಕಾಗಿ ಓಡಿದ್ದನ್ನು ನಾನು ಕಂಡಿಲ್ಲ.

ಮನೆಗೆ ಹೋಗಿ ಅವ್ವನಿಗೆ ತೂತು ತೋರಿಸಿದೆ, ಕನಿಕರಪಟ್ಟು ವ್ರತ ಬಿಟ್ಟಾಳೇನೋ ಎಂದು. ಗೋಡೆಗೆ ಆನಿಕೊಂಡು ಜಪಮಣಿ ಎಣಿಸುತ್ತಿದ್ದಳು. "ಸೌತಿಕಾಯಿಗೂ ಜೀವ ಇರತೈತಿ, ಸುಮ್ಮಸುಮ್ಮನ ಹಾಳ ಮಾಡಿದಿ" ಎಂದಳು. ಧ್ವನಿ ಸಣ್ಣಗಾಗಿತ್ತು. ಅದನ್ನು ಕೇಳಿ ನನಗೆ ಸಿಟ್ಟೂ ಬಂತು, ಅಳುವೂ ಬಂತು.

ಮೂರನೆಯ ದಿನ ಬದನೆಕಾಯಿ ಅಂದುಕೊಂಡೆ. ಬಹಳ ಬೀಜದ್ದು, ಅದೂ ವರ್ಜ್ಯ ಎಂದು ಅವ್ವ ಬೆಳಿಗ್ಗೆಯೇ ತಳ್ಳಿಹಾಕಿದಳು. ಶೆಡ್ಡಿಗೆ ಹೋದರೆ ಗಿರಣಿಯ ಸಾಹುಕಾರರು ಮುಗುಳ್ನಗುತ್ತ ಒಂದು ಚೀಲ ಹಿಡಿದು ನಿಂತಿದ್ದಾರೆ.

"ಬಟಾಟಿ ಬ್ಯಾಡಲ್ರಿ ನಿಮಗ? ತುಗೋರಿ, ನಮ್ಮ ಹೊಲದ ಗೆಣಸು ತಂದೀನಿ."

ಅಳಿಯ ಅಲ್ಲ, ಮಗಳ ಗಂಡ! ಅದೂ ನೆಲದೊಳಗಿನದೇ ಎಂದು ತಿಳಿಹೇಳುವುದರಲ್ಲಿ ನನಗೆ ಸಾಕುಸಾಕಾಯಿತು. ಅಷ್ಟು ದೂರದಿಂದ ಹೊತ್ತು ತಂದದ್ದಕ್ಕೆ ಅವರಿಗೂ ಬೇಸರವಾಯಿತು. "ನಿಮ್ಮ ದೇವರಿಗೆ ಏನ ಬೆಳದ್ರ ಸೇರತೈತಿ ಅಂತ ಒಂದು ಯಾದಿ ಬರದ ಕೊಡ್ರಿ" ಎಂದು ಗೊಣಗಿ, ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೋದರು. ಮಿಸ್ತ್ರಿ ಆ ದಿನವೆಲ್ಲ ಭಟ್ಟಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನೀರು ಕುಡಿಯುತ್ತಿದ್ದರು. ಮುಖ ಬಾಡಿತ್ತು. ಸಿಟ್ಟಿನಲ್ಲಿದ್ದಾರೆ ಎಂದುಕೊಂಡೆ.

ಆ ಸಂಜೆ ಅವ್ವ ಎದ್ದುನಿಲ್ಲಲು ಹೋಗಿ ತಲೆಸುತ್ತಿ ಕೂತಳು. ನಾನು ಹಾರಾಡಿದೆ. ಇರುವ ತರಕಾರಿಯೆಲ್ಲ ಮುಗಿಯಿತು, ಇನ್ನೇನು ನನ್ನ ತಲೆ ಅದ್ದಲೇನು ಎಂದು ಕೂಗಾಡಿದೆ. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಹುಚ್ಚಪ್ಪಾ, ಮಂದಿ ಬಟಾಟಿ ಪಲ್ಯೆ ಮಾಡಿದಾಗ ನಾವೇನ ಮಾಡತೀವಿ?"

ಬಾಳೆಕಾಯಿ. ನಲವತ್ತು ವರ್ಷ ತಿಂದಿದ್ದೆ. ಬಟಾಟೆ ಹಾಕಬೇಕಾದಲ್ಲೆಲ್ಲ ನಮ್ಮ ಮನೆಯಲ್ಲಿ ಹಸಿ ಬಾಳೆಕಾಯಿ ಹಾಕುತ್ತಾರೆ. ಅದೊಂದು ನನ್ನ ಬಿ.ಎಸ್ಸಿ. ತಲೆಗೆ ಹೊಳೆದಿರಲಿಲ್ಲ.

ನಾಲ್ಕನೆಯ ದಿನ ಅವ್ವ ತಾನೂ ಬರುತ್ತೇನೆಂದಳು. ಕಣ್ಣಾರೆ ನೋಡದೆ ವ್ರತ ಬಿಡುವವಳಲ್ಲ. ಆಟೋದಲ್ಲಿ ಕೂರಿಸಿಕೊಂಡು ತಂದು, ನನ್ನ ಕುರ್ಚಿಯನ್ನು ಹಲಗೆಗೋಡೆಯ ಆಚೆ ಹಾಕಿಸಿ ಕೂರಿಸಿದೆ. ಮೂಗಿಗೆ ಸೆರಗು ಹಿಡಿದು ಕೂತಳು. ಸಾಹುಕಾರರು ಮಾತ್ರ ಬಾಗಿಲಲ್ಲಿ ಒಂದು ಕಾಲು ಹೊರಗಿಟ್ಟು ನಿಂತರು. ಮೂರು ಪಾಲು ಮೊಳೆ, ಒಂದು ಪಾಲು ಸೀಸ, ಮೇಲೊಂದಿಷ್ಟು ತವರ. ಕರಗಿತು. ಕಾಗದ ಕಂದಾಯಿತು. ಮಿಸ್ತ್ರಿ ಬಾಳೆಕಾಯಿಗೆ ಸಳಿಗೆ ಚುಚ್ಚಿ ಮೆಲ್ಲಗೆ ತಳಕ್ಕೆ ಒತ್ತಿದರು. ನಾನು ಎರಡೂ ಕಿವಿ ಮುಚ್ಚಿಕೊಂಡೆ. ಗುಳುಗುಳು ಶುರುವಾಯಿತು. ಕಿಟ್ಟ ತೇಲಿತು, ಝಾರಿಯಲ್ಲಿ ತೆಗೆದರು, ಕೆಳಗೆ ಲೋಹ ಕನ್ನಡಿಯಾಗಿ ನಿಂತಿತು. ಪಟ್ಟಿ ಹೊಯ್ದು ಮುರಿದು ನೋಡಿದರೆ ಒಂದು ಚುಕ್ಕೆ ಇಲ್ಲ. ಕಾಯಿಸಿ ಇಟ್ಟಿದ್ದ ಬೇರಿಂಗಿಗೆ ಒಂದೇ ಧಾರೆಯಲ್ಲಿ ಹೊಯ್ದರು.

"ಹೆಂಗೈತ್ರಿ?" ಎಂದು ಕೇಳಿದೆ.

"ಚಲೋ ಐತ್ರಿ. ಬಟಾಟಿಗಿಂತ ಒಂದ ಕೈ ಮ್ಯಾಲ," ಎಂದರು ಮಿಸ್ತ್ರಿ. ಝಾರಿ ಒರೆಸಿ ಗೋಡೆಯ ಮೊಳೆಗೆ ತೂಗುಹಾಕಿ, ತಮ್ಮ ಕೈಚೀಲ ತಗೊಂಡರು. "ಬರತೀನ್ರಿ ಮಾಲಕ್ರ. ನಾಳಿಂದ ಬ್ಯಾರೇದವ್ರನ್ನ ನೋಡ್ಕೋರಿ."

ನನಗೆ ಮೈ ಉರಿದುಹೋಯಿತು. "ಲೋಹ ಚಲೋ ಐತಿ ಅಂತ ನಿಮ್ಮ ಬಾಯಿಲೇ ಅಂತೀರಿ, ಮತ್ತ ಯಾಕ ಹೊಂಟ್ರಿ? ಏನ ಹಟಾರೀ ಇದು? ಕಡಾಯಿಗೆ ಬಾಳಿಕಾಯಿ ನಡೀತೈತಿ, ನಿಮಗ ನಡಿಯೂದಿಲ್ಲೇನು?"

"ಇಲ್ರಿ," ಎಂದರು ಅವರು. "ಹಿಂದಕೊಮ್ಮೆ ಮನ್ಯಾಗ ಒಂದು ಬಾಳಿಕಾಯಿ ಸುಟ್ಟು ತಿಂದ ನೋಡಿದ್ದೆ. ಹೊಟ್ಟಿ ಕಲ್ಲ ಆಗಿತ್ತು."

ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಅವರೇ ಹೇಳಿದರು, ತಲೆ ತಗ್ಗಿಸಿಕೊಂಡು, ತಪ್ಪು ಮಾಡಿದವರ ಹಾಗೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಬೆಳಗಿನ ರೈಲಿಗೆ ಮೊದಲು ಎದ್ದು ರೊಟ್ಟಿ ಬಡಿದುಕೊಡುವವರು ಮನೆಯಲ್ಲಿ ಇಲ್ಲ. ಉರಿಯುವ ಭಟ್ಟಿ ಬಿಟ್ಟು ಯಾರೂ ಹೊರಗೆ ಹೋಗಬಾರದು ಅನ್ನುವುದು ನನ್ನದೇ ಕಾಯಿದೆ, ಹಾಗಾಗಿ ಹೋಟೆಲ್ಲೂ ಇಲ್ಲ. ಮೂರು ಬಟಾಟೆಯಲ್ಲಿ ಒಂದು ಕಡಾಯಿಗೆ. ಇನ್ನೆರಡು ಭಟ್ಟಿಯ ಬಾಯಿಯ ಬೂದಿಯೊಳಗೆ. ನಾನು ರಸ್ತೆಯ ಕಡೆ ಮುಖ ಮಾಡಿ ಕೂತಿರುವಷ್ಟು ಹೊತ್ತಿನಲ್ಲಿ ಸಿಪ್ಪೆ ಸುಲಿದು, ಉಪ್ಪು ಹಚ್ಚಿ ತಿಂದು, ಬಾಯಿ ಒರೆಸಿ "ಆತ್ರೀ" ಅನ್ನುವುದು. ಒಂಬತ್ತು ವರ್ಷದ ಮಧ್ಯಾಹ್ನದ ಊಟ ಅದು.

"ನನಗ ಹೇಳಬಾರದಾಗಿತ್ತೇನ್ರಿ?" ಎಂದೆ.

"ಕಡಾಯಿಗೆ ಬೇಕು ಅಂದೆ, ಬಿಟ್ರಿ. ಹೊಟ್ಟಿಗೆ ಬೇಕು ಅಂದಿದ್ರ ಈ ಶೆಡ್ಡಿನಾಗ ಬಿಡತಿದ್ರೇನ್ರಿ?"

ಬಿಡುತ್ತಿರಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಬಿಡುತ್ತಿರಲಿಲ್ಲ.

ಅವ್ವ ಈಗ ರುದ್ರಾವತಾರ ತಾಳುತ್ತಾಳೆ ಎಂದುಕೊಂಡೆ. ಮಗನ ಶೆಡ್ಡಿನಲ್ಲಿ, ಅದೂ ತೀರ್ಥಂಕರರ ಫೋಟೊದ ಹಿಂದೆಯೇ, ಲೆಕ್ಕವಿಲ್ಲದಷ್ಟು ಬಟಾಟೆ! ಅವಳು ಸೆರಗನ್ನು ಮೂಗಿನಿಂದ ತೆಗೆದಳು.

"ದಿನಾ ಎರಡ ಎರಡ ತಿಂತಿದ್ದೇನಪಾ?"

"ಹೌದ್ರಿ ಅವ್ವಾರ. ತಪ್ಪಾತ್ರಿ. ಒಂದು ಮಾತ್ರ ಖರೇನ ಕಡಾಯಿಗೆ ಬೇಕಾಗತಿತ್ರಿ."

"ಎರಡ ಬಟಾಟಿಲೆ ಹೊಟ್ಟಿ ತುಂಬತಿತ್ತೇನು?"

ಅವ್ವ ನನ್ನ ಕಡೆ ತಿರುಗಿ ಡಬ್ಬಿ ಎಲ್ಲಿದೆ ಎಂದು ಕೇಳಿದಳು. ಅವತ್ತು ಗಡಿಬಿಡಿಯಲ್ಲಿ ನಾನು ಬಿಚ್ಚಿರಲಿಲ್ಲ, ನಾಲ್ಕು ಅಂತಸ್ತಿನ ಡಬ್ಬಿ ಮೇಜಿನ ಮೇಲೆ ಹಾಗೇ ಇತ್ತು. ತರಿಸಿ, ತಾನೇ ಬಿಚ್ಚಿ ಅವರ ಮುಂದೆ ಇಟ್ಟಳು.

"ನಾಕ ದಿನಾತು ನೀವು ಉಪಾಸ ಇದ್ದೀರಿ, ನಾ ಹೆಂಗ ಉಣ್ಣಲ್ರಿ," ಎಂದು ಮಿಸ್ತ್ರಿ ಹಿಂದೆ ಸರಿದರು.

"ನಂದು ಉಪಾಸ, ಹಟಾ ಹಿಡದು ಮಾಡೀನಿ. ನಿಂದು ಹಸಿವಿ. ಕೈ ತೊಳಕೊಂಡು ಬಾ."

ಅವರು ಉಂಡರು. ಅವ್ವ ನೋಡುತ್ತ ಕೂತಳು, ಕೊನೆಯ ತುತ್ತು ಮುಗಿಯುವವರೆಗೂ ತನ್ನ ನೀರು ಮುಟ್ಟಲಿಲ್ಲ. ಆಮೇಲೆ ಗಿರಾಕಿಯ ಎದುರೇ ನನಗೆ ಶಿಕ್ಷೆ ಆಯಿತು. "ನಾಳಿಂದ ಡಬ್ಬಿ ಮಿಸ್ತ್ರಿಗೆ ಬರತೈತಿ. ನಾ ನಾಕ ದಿನಾ ಮಾಡೀನಿ, ಇನ್ನ ನಾಕ ದಿನಾ ಮಧ್ಯಾಹ್ನ ನಿನಗ ಊಟಾ ಇಲ್ಲ. ಭಟ್ಟಿ ಬಾಜೂಕ ನಿಂದ್ರು." ಸಾಹುಕಾರರು ಪತ್ರಾಕ್ಕೆ ಅಂಟಿದ ಸೀಸವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು. ಬೇರಿಂಗು ಆರುವುದನ್ನೇ ಕಾದು, ಟೆಂಪೊಕ್ಕೆ ಹಾಕಿಸಿಕೊಂಡು ಹೊರಟುಹೋದರು. ಅವತ್ತೇ ಸೂರ್ಯ ಮುಳುಗುವ ಮೊದಲು ಅವ್ವ ಹೆಸರುಬೇಳೆಯ ಕಟ್ಟು ಕುಡಿದು ಪಾರಣೆ ಮಾಡಿದಳು.

ಶಿಕ್ಷೆಯ ಮೊದಲ ದಿನ ನನಗೆ ಸಿಟ್ಟು. ಎರಡನೆಯ ದಿನ ಹನ್ನೆರಡು ದಾಟುತ್ತಲೇ ಭಟ್ಟಿಯ ಝಳಕ್ಕೆ ಕಣ್ಣು ಕತ್ತಲೆ. ಹೊಟ್ಟೆ ಖಾಲಿಯಿದ್ದಾಗ ಆ ಕಡಾಯಿಯ ಮುಂದೆ ನಿಲ್ಲುವುದು ಅಂದರೇನು ಎಂದು ಆ ಶೆಡ್ಡಿನ ಮಾಲಕನಾಗಿ ನನಗೆ ಮೊದಲ ಸಲ ಗೊತ್ತಾಯಿತು. ಮಿಸ್ತ್ರಿಯ ಕಡೆ ನೋಡಲು ನಾಚಿಕೆಯಾಗಿ ಬೆನ್ನು ತಿರುಗಿಸಿ ನಿಂತೆ.

ಮೂರನೆಯ ದಿನ ಅವರು ಕೈ ತೊಳೆದು ಬಂದು ಡಬ್ಬಿ ಬಿಚ್ಚಿದರು. ಬಿಚ್ಚಿ, "ಮಾಲಕ್ರ, ಊಟಾ ಆತೇನ್ರಿ?" ಎಂದು ಕೇಳಿದರು.

ನಮ್ಮ ಕಡೆ ಎಲ್ಲರೂ ಎಲ್ಲರನ್ನೂ ಕೇಳುವ ಮಾತು ಅದು. ಒಂಬತ್ತು ವರ್ಷ ಅವರು ದಿನಾ ನನ್ನನ್ನು ಕೇಳಿದ್ದರು. ನಾನು ದಿನಾ ಕೈ ಒರೆಸಿಕೊಳ್ಳುತ್ತ "ಆತು" ಅಂದಿದ್ದೆ. ನಿಮ್ಮದಾತೇನು ಎಂದು ಒಂದು ದಿನವೂ ತಿರುಗಿ ಕೇಳಿರಲಿಲ್ಲ.

"ಇಲ್ರಿ," ಎಂದೆ.

"ನಿಮ್ಮ ಅವ್ವಾರಿಗೆ ನಾ ಹೇಳಂಗಿಲ್ಲ," ಎಂದು ಮಿಸ್ತ್ರಿ ರೊಟ್ಟಿ ಮುರಿದು ಅರ್ಧ ನನ್ನ ಕೈಗಿಟ್ಟರು.